ಮಗು ಸಿಕ್ಕಿದ ಮೇಲೂ ಸಮಿತಿಯ ಮುಂದೆ ಯಾಕೆ ಹಾಜರುಪಡಿಸುತ್ತಾರೆ?

ಪ್ರಶ್ನೆ: ನಾವು ಸುರತ್ಕಲ್ ಹತ್ತಿರ ಇರುವವರು. ಎರಡು ತಿಂಗಳ ಹಿಂದೆ ನೆರೆಮನೆಯ ಏಳು ವರ್ಷದ ಹುಡುಗನನ್ನು ಶಾಲೆ ಬಿಡುವ ಹೊತ್ತಿಗೆ ಒಬ್ಬ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದ. ಅವನು ಮೊದಲು ಹುಡುಗನ ತಂದೆಯ ಹತ್ತಿರ ಕೆಲಸಕ್ಕಿದ್ದವನು, ಹಣದ ತಕರಾರು ಇತ್ತು. ರಾತ್ರಿ ಕುಂದಾಪುರದ ಹತ್ತಿರ ಪೊಲೀಸರಿಗೆ ಇಬ್ಬರೂ ಸಿಕ್ಕಿದರು. ತಂದೆತಾಯಿ ಓಡಿಹೋದರೆ ಮಗುವನ್ನು ಕೈಗೆ ಕೊಡಲಿಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಆಗಬೇಕು ಎಂದರು, ಮರುದಿನ ಮಧ್ಯಾಹ್ನದ ಮೇಲೆ ಮನೆಗೆ ಬಂದ. ಕರೆದುಕೊಂಡು ಹೋದವನು ಸಿಕ್ಕಿದ ಮೇಲೆ ಮಗುವನ್ನು ಯಾಕೆ ಹಾಜರುಪಡಿಸಬೇಕು? ಈ ಮಕ್ಕಳ ರಕ್ಷಣೆಯವರು ನಿಜವಾಗಿ ಮಾಡುವುದೇನು? ಹುಡುಗ ಈಗಲೂ ರಾತ್ರಿ ಎದ್ದು ಅಳುತ್ತಾನಂತೆ. ಇನ್ನೊಂದು ವಿಷಯ: ನನ್ನ ಅಕ್ಕ ಗಂಡನಿಂದ ದೂರವಿದ್ದಾಳೆ. ಭಾವ ದುಬೈಯಲ್ಲಿದ್ದಾರೆ, ಮಗಳನ್ನು ಎತ್ತಿಕೊಂಡು ಹೋಗುತ್ತೇನೆ ಎಂದು ಹೆದರಿಸುತ್ತಾರೆ. ಹಾಗೆ ಮಾಡಿದರೆ ಅದೂ ಅಪಹರಣವೇ?

ಉತ್ತರ: ಆ ತಾಯಿಗೆ ಅಂದು ರಾತ್ರಿ ಎಷ್ಟು ಸಂಕಟ ಆಗಿರಬಹುದು ಎಂದು ನನಗೆ ಗೊತ್ತು. ಮಗು ಕಣ್ಣೆದುರಿಗೇ ಇದೆ, ಎತ್ತಿಕೊಳ್ಳಲು ಬಿಡುತ್ತಿಲ್ಲ ಎಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಸಮಿತಿಯ ಮುಂದೆ ಹಾಜರುಪಡಿಸಿದ್ದು ತಂದೆತಾಯಿಯ ಮೇಲಿನ ಅನುಮಾನದಿಂದ ಅಲ್ಲ. ಮಗುವನ್ನು ಹುಡುಕುವುದು ಪೊಲೀಸರ ಕೆಲಸ. ಸಿಕ್ಕಿದ ಮಗು ಯಾರ ಕೈಗೆ ಹೋಗಬೇಕು, ಹೋದ ಮೇಲೆ ಅಲ್ಲಿ ಕ್ಷೇಮವಾಗಿ ಇರುತ್ತದೆಯೇ ಎಂದು ನೋಡುವುದು ಮಕ್ಕಳ ರಕ್ಷಣೆಯವರ ಕೆಲಸ. ಪೊಲೀಸರ ಓಡಾಟ ನಿಂತ ಕಡೆ ನಮ್ಮವರ ಕೆಲಸದ ದೊಡ್ಡ ಭಾಗ ಶುರುವಾಗುತ್ತದೆ.

ಮೊದಲ ಗಂಟೆಗಳಿಂದಲೇ ಹೇಳುತ್ತೇನೆ. ‘24 ಗಂಟೆ ಕಾದು ನೋಡಿ, ಆಮೇಲೆ ಬನ್ನಿ’ ಎನ್ನುವ ಮಾತನ್ನು ಈಗಲೂ ಜನ ನಂಬಿಕೊಂಡಿದ್ದಾರೆ. ಅಂಥ ನಿಯಮ ಇಲ್ಲ. ಕಾಣೆಯಾದ ಮಗುವಿನ ಬಗ್ಗೆ ದೂರು ಬಂದರೆ ಕೂಡಲೇ ಎಫ್‌ಐಆರ್ ದಾಖಲಿಸಬೇಕು, ಅಪಹರಣ ಅಥವಾ ಮಾನವ ಕಳ್ಳಸಾಗಣೆ ಆಗಿರಬಹುದು ಎಂದೇ ಎಣಿಸಿ ತನಿಖೆ ಹೊರಡಬೇಕು ಎಂದು ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲೇ ಹೇಳಿದೆ. ಆ ಪ್ರಕರಣವನ್ನು ಕೋರ್ಟಿಗೆ ಒಯ್ದದ್ದು ಮಕ್ಕಳ ಹಕ್ಕುಗಳಿಗಾಗಿ ದುಡಿಯುವ ಬಚ್‌ಪನ್ ಬಚಾವೋ ಆಂದೋಲನ ಎಂಬ ಸಂಸ್ಥೆ. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆಯಿತು ಎಂಬುದೂ ತಡ ಮಾಡಲು ಕಾರಣವಲ್ಲ. ಸುರತ್ಕಲ್‌ನಲ್ಲಿ ಕಾಣೆಯಾದ ಮಗುವಿನ ದೂರನ್ನು ನೀವು ಪಡುಬಿದ್ರಿಯಲ್ಲಿ ಕೊಟ್ಟರೂ ಅವರು ‘ಝೀರೋ ಎಫ್‌ಐಆರ್’, ಅಂದರೆ ತಮ್ಮ ವ್ಯಾಪ್ತಿಯದ್ದಲ್ಲದಿದ್ದರೂ ದಾಖಲಿಸುವ ಎಫ್‌ಐಆರ್, ಮಾಡಿ ಸುರತ್ಕಲ್ ಠಾಣೆಗೆ ಕಳುಹಿಸಬೇಕು. ನಾಲ್ಕು ತಿಂಗಳಲ್ಲಿ ಮಗು ಪತ್ತೆಯಾಗದಿದ್ದರೆ ತನಿಖೆ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗುತ್ತದೆ.

ಠಾಣೆಗೆ ಹೋಗುವ ದಾರಿಯಲ್ಲೇ 1098ಕ್ಕೆ ಫೋನ್ ಮಾಡಬಹುದು. 1996ರಲ್ಲಿ ಮುಂಬಯಿಯಲ್ಲಿ ಶುರುವಾದ ಮಕ್ಕಳ ಸಹಾಯವಾಣಿ ಅದು. 2023ರಲ್ಲಿ ಸರಕಾರವೇ ಅದನ್ನು ವಹಿಸಿಕೊಂಡು 112ರ ತುರ್ತು ಸೇವೆಯೊಂದಿಗೆ ಜೋಡಿಸಿತು. ಸುದ್ದಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಮುಟ್ಟುತ್ತದೆ, ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ಒಬ್ಬರನ್ನು ನೇಮಿಸಿರುತ್ತಾರೆ, ಅವರಿಗೂ ಮುಟ್ಟುತ್ತದೆ.

ಈ ಹೊತ್ತಿನಲ್ಲಿ ಮಕ್ಕಳ ರಕ್ಷಣೆಯ ಕಾರ್ಯಕರ್ತೆ ಹೆಚ್ಚಾಗಿ ಇರುವುದು ತಂದೆತಾಯಿಯ ಹತ್ತಿರ. ಹೊರಗಿನಿಂದ ನೋಡುವವರಿಗೆ ಅವಳು ಸುಮ್ಮನೆ ಕೂತು ಸಮಾಧಾನ ಹೇಳಿದಂತೆ ಕಾಣಬಹುದು. ಅವಳು ಹೆಕ್ಕುತ್ತಿರುವುದು ಮಾಹಿತಿ. ಗಾಬರಿಯಲ್ಲಿ ತಂದೆ ಮೊಬೈಲಿನಿಂದ ತೆಗೆದು ಕೊಡುವುದು ಹುಟ್ಟುಹಬ್ಬದ ಫೋಟೊ, ಅದರಲ್ಲಿ ಮಗು ಶೆರವಾನಿ ಹಾಕಿ ಪೌಡರ್ ಬಳಿದುಕೊಂಡು ನಿಂತಿರುತ್ತದೆ. ಬಸ್ಸಿನಲ್ಲಿ ನೋಡಿದವನಿಗೆ ಆ ಫೋಟೊದಿಂದ ಗುರುತು ಹತ್ತುವುದಿಲ್ಲ. ಯೂನಿಫಾರ್ಮಿನಲ್ಲಿರುವ, ಕೂದಲು ಕೆದರಿದ, ಇತ್ತೀಚಿನ ಫೋಟೊ ಬೇಕು. ಕಾಲಿಗೆ ಶೂ ಇತ್ತೋ ಚಪ್ಪಲಿಯೋ? ಬ್ಯಾಗಿನ ಬಣ್ಣ ಏನು? ಹಲ್ಲು ಬಿದ್ದಿದೆಯೇ? ಮನೆಯಲ್ಲಿ ಯಾವ ಹೆಸರಿನಿಂದ ಕರೆಯುತ್ತೀರಿ? ಶಾಲೆಯ ದಾಖಲೆಯ ಹೆಸರಿಗೆ ತಿರುಗಿ ನೋಡದ ಮಗು ‘ಪುಟ್ಟ’ ಎಂದರೆ ಗುಂಪಿನ ನಡುವಿನಿಂದಲೂ ತಲೆ ಎತ್ತುತ್ತದೆ. ಔಷಧ ತೆಗೆದುಕೊಳ್ಳುತ್ತಾನೆಯೇ, ಫಿಟ್ಸ್ ಇದೆಯೇ ಎಂಬುದನ್ನೂ ಕೇಳುತ್ತಾಳೆ. ಆಮೇಲೆ, ತಂದೆತಾಯಿಯನ್ನು ಒಬ್ಬೊಬ್ಬರನ್ನಾಗಿ ಬದಿಗೆ ಕರೆದು ಕಷ್ಟದ ಪ್ರಶ್ನೆಗಳು: ಮನೆಯಲ್ಲಿ ಜಗಳ ಆಗಿತ್ತೇ, ಯಾರೊಂದಿಗಾದರೂ ಹಣದ ವ್ಯವಹಾರ ಕೆಟ್ಟಿದೆಯೇ, ಯಾರಾದರೂ ಮಗುವಿಗೆ ಪದೇ ಪದೇ ತಿಂಡಿ ಕೊಡಿಸುತ್ತಿದ್ದರೇ? ಪೊಲೀಸರ ಮುಂದೆ, ನೆಂಟರ ಮುಂದೆ ಹೇಳಲಾಗದ ಮಾತುಗಳು ಈ ಹೊತ್ತಿನಲ್ಲಿ ಹೊರಬರುತ್ತವೆ. ನೀವು ಬರೆದ ಪ್ರಕರಣದಲ್ಲೂ ಹಣದ ತಕರಾರಿನ ಸಂಗತಿ ಯಾರ ಬಾಯಿಂದ, ಎಷ್ಟು ಹೊತ್ತಿಗೆ ಬಂತು ಎಂಬುದರ ಮೇಲೆ ಹುಡುಕಾಟದ ದಿಕ್ಕು ನಿಂತಿರಬಹುದು. ನಾನು ನೋಡಿದ ಪ್ರಕರಣಗಳಲ್ಲಿ ಮಗುವನ್ನು ಕರೆದುಕೊಂಡು ಹೋದವರು ಹೆಚ್ಚಾಗಿ ಮಗುವಿಗೆ ಗೊತ್ತಿದ್ದವರೇ. ‘ಅಪರಿಚಿತರ ಹತ್ತಿರ ಹೋಗಬೇಡ’ ಎಂದಷ್ಟೇ ಮಕ್ಕಳಿಗೆ ಕಲಿಸಿದರೆ ಸಾಲದು ಎಂದು ನಾನು ಹೋದಲ್ಲೆಲ್ಲ ಹೇಳುವುದು ಅದಕ್ಕೇ.

ನಮ್ಮ ಊರಿನ ನಕ್ಷೆಯೂ ಈ ಕೆಲಸವನ್ನು ಅವಸರದ್ದು ಮಾಡುತ್ತದೆ. ಮಂಗಳೂರು ಸೆಂಟ್ರಲ್‌ನಿಂದ ಕೇರಳದ ಕಡೆಗೆ ರೈಲು, ಉಡುಪಿಯ ಇಂದ್ರಾಳಿ ನಿಲ್ದಾಣದಿಂದ ಕೊಂಕಣ ರೈಲ್ವೆಯಲ್ಲಿ ಗೋವಾ, ಮುಂಬಯಿ. ತಲಪಾಡಿ ದಾಟಿದರೆ ಬೇರೆ ರಾಜ್ಯ. ಹೆದ್ದಾರಿಯಲ್ಲಿ ಮಂಗಳೂರಿನಿಂದ ಕುಂದಾಪುರಕ್ಕೆ ಎಷ್ಟು ಹೊತ್ತಿನ ದಾರಿ ಎಂದು ನಿಮಗೆ ಗೊತ್ತೇ ಉಂಟು. ಅದಕ್ಕೆ ರೈಲ್ವೆ ಪೊಲೀಸರಿಗೆ, ಆರ್‌ಪಿಎಫ್‌ಗೆ (ರೈಲ್ವೆ ರಕ್ಷಣಾ ದಳ), ಪಕ್ಕದ ಜಿಲ್ಲೆಯ ಘಟಕಕ್ಕೆ, ಕಾಸರಗೋಡಿನವರಿಗೆ ಒಟ್ಟೊಟ್ಟಿಗೆ ಸುದ್ದಿ ಹೋಗಬೇಕು. ನಮ್ಮ ಖಾಸಗಿ ಬಸ್ಸಿನ ಕಂಡಕ್ಟರುಗಳು ಈ ವಿಷಯದಲ್ಲಿ ದೊಡ್ಡ ಆಸ್ತಿ. ಯಾವ ಸ್ಟಾಪಿನಲ್ಲಿ ಯಾವ ಮಗು ಯಾರೊಂದಿಗೆ ಹತ್ತುತ್ತದೆ ಎಂದು ಅವರಿಗೆ ನೆನಪಿರುತ್ತದೆ. ಅಂಗಡಿಗಳ ಸಿಸಿಟಿವಿಯಲ್ಲಿ ಹಳೆಯ ದೃಶ್ಯ ಕೆಲವು ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ. ಆದ್ದರಿಂದ ಶಾಲೆಯ ಸುತ್ತಿನ ಅಂಗಡಿಯವರು ಕೇಳುವ ಮೊದಲೇ ತೆಗೆದಿಟ್ಟರೆ ದೊಡ್ಡ ಉಪಕಾರ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಮಗು ಸಿಕ್ಕಿತು, ಆಮೇಲೆ?

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಕಾಣೆಯಾದ ಮಗು ‘ಆರೈಕೆ ಮತ್ತು ರಕ್ಷಣೆ ಅಗತ್ಯವಿರುವ ಮಗು’. ಅಂಥ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯ ಒಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಒಬ್ಬರಾದರೂ ಮಹಿಳೆ ಇರಬೇಕು. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ ಅದಕ್ಕೆ ಇದ್ದರೂ ಅದು ಕೋರ್ಟಿನ ಹಾಗೆ ಕಾಣಲೇಬಾರದು ಎಂದು ನಿಯಮವೇ ಹೇಳುತ್ತದೆ. ಎತ್ತರದ ಪೀಠ ಇಲ್ಲ, ಕಟಕಟೆ ಇಲ್ಲ.

ಈ ನಿಯಮ ಯಾಕೆ ಬಂತು ಎಂದರೆ, ರಾತ್ರಿ ಠಾಣೆಗೆ ಓಡಿಬಂದು ‘ನಾನು ಮಗುವಿನ ಅಪ್ಪ’ ಎಂದವರೆಲ್ಲ ಅಪ್ಪಂದಿರಾಗಿರುವುದಿಲ್ಲ. ಅಪ್ಪನೇ ಆಗಿದ್ದರೂ ಮಗು ಅವನಿಂದಲೇ ತಪ್ಪಿಸಿಕೊಂಡು ಹೊರಟಿದ್ದಿರಬಹುದು. ಕೆಲವೊಮ್ಮೆ ಕರೆದುಕೊಂಡು ಹೋದವನಿಗೆ ಮನೆಯೊಳಗಿನವರೇ ಸುಳಿವು ಕೊಟ್ಟಿರುತ್ತಾರೆ. ನಿಮ್ಮ ನೆರೆಮನೆಯಲ್ಲಿ ಹಾಗಿರಲಿಲ್ಲ, ಸರಿ. ಆದರೆ ಅದು ನಿಮಗೆ ಗೊತ್ತು, ರಾತ್ರಿ ಪಾಳಿಯ ಪೊಲೀಸರಿಗೆ ಗೊತ್ತಿಲ್ಲ. ಹತ್ತು ಮನೆಯವರಿಗೆ ಒಂದು ರಾತ್ರಿಯ ಸಂಕಟ ಆದರೂ, ತಪ್ಪು ಕೈಗೆ ಹೋಗಬಹುದಾಗಿದ್ದ ಒಂದು ಮಗು ಉಳಿದರೆ ಆ ನಿಯಮ ಬೇಕೇ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇನ್ನೊಂದು ಕಾರಣ, ಮಗುವಿಗೆ ತಂದೆತಾಯಿ ಎದುರಿಗಿಲ್ಲದೆ ಮಾತಾಡಲು ಒಂದು ಅವಕಾಶ ಬೇಕು. ಪೆಟ್ಟು ಬಿದ್ದೀತು, ಅಮ್ಮ ಅತ್ತಾಳು ಎಂಬ ಹೆದರಿಕೆಯಲ್ಲಿ ಮಕ್ಕಳು ಎಷ್ಟೋ ಸಂಗತಿಗಳನ್ನು ನುಂಗಿಕೊಳ್ಳುತ್ತವೆ.

ನಿಮ್ಮ ಹುಡುಗನ ವಿಷಯದಲ್ಲಿ ತಡವಾಗಲು ಇನ್ನೂ ಒಂದು ಕಾರಣ ಇರಬಹುದು. ಅವನು ಸಿಕ್ಕಿದ್ದು ಉಡುಪಿ ಜಿಲ್ಲೆಯಲ್ಲಿ, ಮನೆ ಇರುವುದು ದಕ್ಷಿಣ ಕನ್ನಡದಲ್ಲಿ. ಎರಡೂ ಜಿಲ್ಲೆಗೆ ಬೇರೆ ಬೇರೆ ಸಮಿತಿ. ಒಂದು ಕಡೆಯವರು ಆದೇಶ ಮಾಡಿ ಇನ್ನೊಂದು ಕಡೆಯವರಿಗೆ ತಿಳಿಸಬೇಕು, ಮುಂದೆ ಮನೆ ಭೇಟಿ ಮಾಡುವವರು ಇಲ್ಲಿನವರಲ್ಲವೇ.

ಹಾಗೆಂದು ಆ ರಾತ್ರಿ ನಡೆದದ್ದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ಸಮಿತಿ ಸಭೆ ಸೇರಿಲ್ಲದ ಹೊತ್ತಿನಲ್ಲಿ ಮಗುವನ್ನು ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಲು ಕಾಯ್ದೆಯಲ್ಲೇ ಅವಕಾಶ ಉಂಟು. ಠಾಣೆಯಲ್ಲಿ ಮಗುವನ್ನು ರಾತ್ರಿ ಇಟ್ಟುಕೊಳ್ಳುವಂತಿಲ್ಲ. ತಂದೆತಾಯಿ ಅಲ್ಲಿಯೇ ಇದ್ದಾರೆ, ಕೈಯಲ್ಲಿ ಆಧಾರ್, ರೇಷನ್ ಕಾರ್ಡ್, ಶಾಲೆಯ ಗುರುತಿನ ಚೀಟಿ ಇದೆ ಎಂದಾದರೆ ‘ಸದಸ್ಯರೊಬ್ಬರಿಗೆ ಈಗಲೇ ಫೋನ್ ಮಾಡಿ, ಅಲ್ಲಿಯವರೆಗೆ ಮಗುವಿನ ಹತ್ತಿರ ತಾಯಿ ಕೂರಲಿ’ ಎಂದು ಗಟ್ಟಿಯಾಗಿ ಕೇಳಬೇಕು. ಕಾಯ್ದೆ ಹೇಳುವುದು ಹಾಜರುಪಡಿಸಿ ಎಂದು, ತಾಯಿಯನ್ನು ದೂರ ಇಡಿ ಎಂದಲ್ಲ. ಯಾಕೆ ತಡ ಆಗುತ್ತಿದೆ ಎಂದು ಯಾರೂ ಬಿಡಿಸಿ ಹೇಳದೆ ಹೋದದ್ದೇ ಆ ಮನೆಯವರಿಗೆ ಹೆಚ್ಚು ನೋವು ಕೊಟ್ಟಿದೆ ಎಂದು ನಿಮ್ಮ ಪತ್ರದಿಂದ ಕಾಣುತ್ತದೆ. ಅದು ಆಗಬಾರದಿತ್ತು.

ಆ ಮಗುವಿನೊಂದಿಗೆ ಒಳ್ಳೆಯ ಕಾರ್ಯಕರ್ತೆ ಹೇಗೆ ಮಾತಾಡುತ್ತಾಳೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮನೆಯವರೂ ನೆರೆಯವರೂ ಕಲಿಯಬೇಕಾದ್ದು ಇಲ್ಲೇ ಇದೆ.

ಅವಳು ಮೊದಲು ಮಾಡುವುದು ಕುರ್ಚಿ ಬದಿಗಿಟ್ಟು ಚಾಪೆಯ ಮೇಲೆ ಕೂರುವುದು. ಮಗು ಎಲ್ಲಿ ಕೂರಬೇಕು ಎಂದು ಮಗುವೇ ಆರಿಸಲಿ ಎಂದು ಬಿಡುತ್ತಾಳೆ. ಹೆದರಿದ ಮಕ್ಕಳು ಬಾಗಿಲು ಕಾಣುವ ಕಡೆ ಕೂರುತ್ತವೆ. ಮೈ ಮುಟ್ಟುವುದಿಲ್ಲ, ಅಪ್ಪಿಕೊಳ್ಳುವುದಿಲ್ಲ, ಮಗುವೇ ಹತ್ತಿರ ಬಂದರೆ ಬೇರೆ ಮಾತು. ‘ಒಣಸ್ ಆಂಡಾ?’ ಎಂದು ಕೇಳುತ್ತಾಳೆ, ಮಗು ತುಳುವಿನದ್ದಾದರೆ. ಊಟ ಆಯಿತಾ, ನೀರು ಬೇಕಾ, ಮೂತ್ರಕ್ಕೆ ಹೋಗಬೇಕಾ? ಎಷ್ಟೋ ಮಕ್ಕಳು ಗಂಟೆಗಟ್ಟಲೆ ತಡೆದುಕೊಂಡು ಕೂತಿರುತ್ತವೆ, ಒಬ್ಬರೂ ಕೇಳಿರುವುದಿಲ್ಲ. ಬಟ್ಟೆ ಒದ್ದೆಯಾಗಿದ್ದರೆ ಬೇರೆ ಬಟ್ಟೆ ಬೇಕು. ಆದರೆ ಲೈಂಗಿಕ ದೌರ್ಜನ್ಯದ ಸಂಶಯ ಇದ್ದರೆ ತೆಗೆದ ಬಟ್ಟೆ ಒಗೆಯುವಂತಿಲ್ಲ, ಸ್ನಾನ ಮಾಡಿಸುವ ಮೊದಲು ವೈದ್ಯರು ನೋಡಬೇಕು. ಆಮೇಲೆ ತನ್ನ ಹೆಸರು ಹೇಳಿ, ಅಮ್ಮ ಎಲ್ಲಿದ್ದಾರೆ, ಇನ್ನು ಏನಾಗುತ್ತದೆ ಎಂದು ಸರಳವಾಗಿ ತಿಳಿಸುತ್ತಾಳೆ. ಸುಳ್ಳು ಭರವಸೆ ಕೊಡುವುದಿಲ್ಲ. ‘ಈಗ ಐದು ನಿಮಿಷದಲ್ಲಿ ಮನೆ’ ಎಂದು ಹೇಳಿ ಮೂರು ಗಂಟೆ ಕಾಯಿಸಿದರೆ ಆ ಮಗು ಮತ್ತೆ ದೊಡ್ಡವರ ಮಾತು ನಂಬುವುದಿಲ್ಲ.

ಭಾಷೆಯ ವಿಷಯ ನಮ್ಮ ಜಿಲ್ಲೆಗಳಲ್ಲಿ ಬಹಳ ಮುಖ್ಯ. ಕೊಂಕಣಿ, ಬ್ಯಾರಿ, ಮಲಯಾಳ, ಕುಂದಾಪುರದ ಕಡೆಯ ಕನ್ನಡ, ಮಲ್ಪೆ ಬಂದರಿಗೂ ಕಟ್ಟಡ ಕೆಲಸಕ್ಕೂ ಬಂದವರ ಮಕ್ಕಳಾದರೆ ಉತ್ತರ ಕರ್ನಾಟಕದ ಕನ್ನಡ, ಒಡಿಯಾ, ಹಿಂದಿ. ಶಾಲೆಯ ಕನ್ನಡದಲ್ಲಿ ಕೇಳಿದರೆ ಮಗು ಶಾಲೆಯಲ್ಲಿ ಉತ್ತರ ಕೊಟ್ಟ ಹಾಗೆ ಕೊಡುತ್ತದೆ, ಮನೆಯ ಭಾಷೆಯಲ್ಲಿ ಕೇಳಿದರೆ ನಡೆದದ್ದು ಹೇಳುತ್ತದೆ. ಭಾಷೆ ಗೊತ್ತಿಲ್ಲದಿದ್ದರೆ ದುಭಾಷಿಯನ್ನು ಕರೆಸಬೇಕು. ಆ ದುಭಾಷಿ ಆರೋಪಿಯ ನೆಂಟನೋ ಕಂಟ್ರಾಕ್ಟರನೋ ಆಗಿರಬಾರದು.

‘ಯಾಕೆ’ ಎಂದು ಮಾತ್ರ ಅವಳು ಕೇಳುವುದಿಲ್ಲ. ಯಾಕೆ ಹೋದೆ, ಯಾಕೆ ಕೂಗಲಿಲ್ಲ, ಯಾಕೆ ಗಾಡಿ ಹತ್ತಿದೆ? ಈ ಪ್ರಶ್ನೆಗಳೆಲ್ಲ ಮಗುವಿನ ಕಿವಿಗೆ ‘ತಪ್ಪು ನಿನ್ನದೇ’ ಎಂದು ಕೇಳಿಸುತ್ತವೆ. ‘ಆಮೇಲೆ ಏನಾಯಿತು?’ ಎಂದರೆ ಸಾಕು. ಉತ್ತರವನ್ನು ನಾವೇ ಬಾಯಿಗೆ ಹಾಕಬಾರದು. ಒಂದು ನಾಲ್ಕು ವರ್ಷದ ಹುಡುಗಿಯ ಪ್ರಕರಣ ನನಗೆ ಚೆನ್ನಾಗಿ ನೆನಪಿದೆ. ಅವಳು ಸಿಕ್ಕಿದ ಕೂಡಲೇ ಸೇರಿದ್ದ ಜನರಲ್ಲಿ ಯಾರೋ ‘ನೀಲಿ ಅಂಗಿಯವನಾ ಮಗಾ?’ ಎಂದು ಕೇಳಿದ್ದರು. ಅವಳು ಹೂಂ ಎಂದಳು. ಅಲ್ಲಿಂದ ಮುಂದೆ ಎಲ್ಲರ ಹತ್ತಿರವೂ ‘ನೀಲಿ ಅಂಗಿ ಮಾಮ’ ಎಂದೇ ಹೇಳಿದಳು. ಅವಳನ್ನು ಕರೆದೊಯ್ದದ್ದು ಹೆಂಗಸು. ಮಗು ಸುಳ್ಳು ಹೇಳಲಿಲ್ಲ, ದೊಡ್ಡವರು ಮೆಚ್ಚುವ ಉತ್ತರ ಕೊಟ್ಟಿತು ಅಷ್ಟೇ. ಒಂದೇ ಕಥೆಯನ್ನು ಕಾನ್‌ಸ್ಟೆಬಲ್, ಇನ್ಸ್‌ಪೆಕ್ಟರ್, ದೊಡ್ಡಪ್ಪ, ಪಕ್ಕದ ಮನೆಯವರು, ಟಿವಿಯವರು ಎಂದು ಎಲ್ಲರೂ ಕೇಳಿದರೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಬದಲಾಗುತ್ತದೆ, ಕೋರ್ಟಿನಲ್ಲಿ ಆರೋಪಿಯ ವಕೀಲರು ಹಿಡಿಯುವುದು ಆ ವ್ಯತ್ಯಾಸವನ್ನೇ. ಹೇಳಿಕೆ ಮ್ಯಾಜಿಸ್ಟ್ರೇಟರ ಮುಂದೆ ಸರಿಯಾಗಿ ಒಮ್ಮೆ ದಾಖಲಾಗಲಿ. ಉಳಿದವರು ಸುಮ್ಮನಿರುವುದೇ ಆ ಮಗುವಿಗೆ ಮಾಡುವ ಸಹಾಯ.

ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಕಂಡುಬಂದರೆ, ಅದರಿಂದ ಮಕ್ಕಳನ್ನು ರಕ್ಷಿಸಲೆಂದೇ ಇರುವ 2012ರ ಪೋಕ್ಸೊ ಕಾಯ್ದೆ ಬರುತ್ತದೆ. ಆಗ ಪೊಲೀಸ್ ಅಧಿಕಾರಿ ಸಮವಸ್ತ್ರ ಹಾಕದೆ, ಮಗುವಿನ ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ ಹೇಳಿಕೆ ಪಡೆಯಬೇಕು. ಹುಡುಗಿಯನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ಕೋರ್ಟು ಮುಗಿಯುವವರೆಗೆ ಜತೆಗಿರಲು ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡಬಹುದು. ಈ ಸೌಲಭ್ಯವನ್ನು ಕೇಳಿ ಪಡೆಯುವ ಮನೆಯವರು ಕಡಿಮೆ. ಕೇಳಬೇಕು.

ಶಿಕ್ಷೆಯ ವಿಷಯ ಚುಟುಕಾಗಿ: 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಪಾಲಕರ ವಶದಿಂದ ಮಗುವನ್ನು ಒಯ್ಯುವುದಕ್ಕೆ 137ನೇ ಕಲಮಿನಲ್ಲಿ 7 ವರ್ಷದವರೆಗೆ ಸಜೆ. ಹಳೆಯ ಕಾನೂನಿನಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ಎಂಬ ವಯಸ್ಸಿನ ಭೇದ ಇತ್ತು, ಈಗ ಇಬ್ಬರಿಗೂ 18. ಭಿಕ್ಷೆ ಬೇಡಿಸಲು ಅಪಹರಿಸಿದರೆ ಕನಿಷ್ಠ 10 ವರ್ಷ. ಒತ್ತೆಹಣಕ್ಕಾಗಿ ಒಯ್ದು ಕೊಲ್ಲುವ ಬೆದರಿಕೆ ಹಾಕಿದರೆ ಜೀವಾವಧಿ ಅಥವಾ ಮರಣದಂಡನೆ. ನಿಮ್ಮ ನೆರೆಮನೆಯ ಪ್ರಕರಣದಲ್ಲಿ ಹಣದ ಬೇಡಿಕೆ ಬಂದಿತ್ತೇ ಇಲ್ಲವೇ ಎಂಬುದು ಇದಕ್ಕೇ ಮುಖ್ಯವಾಗುತ್ತದೆ.

ಪೊಲೀಸ್ ದಾಖಲೆಯಲ್ಲಿ ‘ಅಪಹರಣ’ ಎಂದು ಬರೆದಿರುವ ಎಲ್ಲವೂ ಒಂದೇ ಬಗೆಯದ್ದಲ್ಲ ಎಂಬುದನ್ನೂ ಹೇಳಬೇಕು. ಹದಿನಾರು ಹದಿನೇಳರ ಹುಡುಗಿ ಪ್ರೀತಿಸಿದವನ ಜತೆ ಮನೆ ಬಿಟ್ಟರೆ ಅದೂ ಸಾಮಾನ್ಯವಾಗಿ ಅಪಹರಣ ಎಂದೇ ದಾಖಲಾಗುತ್ತದೆ. ನಮ್ಮ ಕರಾವಳಿಯಲ್ಲಿ ಇಬ್ಬರೂ ಬೇರೆ ಬೇರೆ ಧರ್ಮದವರಾಗಿದ್ದರೆ ಠಾಣೆಯ ಮುಂದೆ ಗುಂಪು ಸೇರುತ್ತದೆ, ಮಗುವಿನ ಹೆಸರು, ಮನೆ, ಜಾತಿ ಎಲ್ಲ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ. ಆ ಗುಂಪಿನಲ್ಲಿ ಒಬ್ಬರಿಗೂ ಹುಡುಗಿ ಊಟ ಮಾಡಿದಳೇ ಎಂಬ ಚಿಂತೆ ಇರುವುದಿಲ್ಲ. ಸಮಿತಿಯ ಕೆಲಸ ಅಲ್ಲಿ ಬಹಳ ಕಷ್ಟದ್ದು: ಹುಡುಗಿ ಮನೆಗೆ ಹೋಗಲು ಒಪ್ಪದಿದ್ದರೆ ಯಾಕೆ ಎಂದು ತಿಳಿಯಬೇಕು, ಮನೆಯಲ್ಲಿ ಜೀವಕ್ಕೆ ಅಪಾಯ ಇದೆಯೇ ನೋಡಬೇಕು, ಅಲ್ಲಿಯವರೆಗೆ ಬಾಲಮಂದಿರದಲ್ಲಿ ಇರಿಸಬೇಕು, ಪರೀಕ್ಷೆಗೆ ಕೂರುವ ವ್ಯವಸ್ಥೆ ಮಾಡಬೇಕು. ಆ ಹುಡುಗಿ ಅಪರಾಧಿಯಲ್ಲ. ಅವಳನ್ನು ಹಾಗೆ ನಡೆಸಿಕೊಳ್ಳುವವರ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಇದಕ್ಕಿಂತಲೂ ಎದೆ ಹಿಂಡುವಂಥದ್ದು ಆಸ್ಪತ್ರೆಯಿಂದ ಕದ್ದ ಹಸುಗೂಸು ಎಷ್ಟೋ ಕಾಲದ ಮೇಲೆ ಸಿಕ್ಕಿದಾಗ. ಹಣ ಕೊಟ್ಟು ಕೊಂಡವರ ಮನೆಯಲ್ಲಿ ಆ ಮಗು ನಡೆಯಲು ಕಲಿತಿರುತ್ತದೆ, ಅಲ್ಲಿಯವಳನ್ನೇ ಅಮ್ಮ ಎನ್ನುತ್ತದೆ. ಡಿಎನ್‌ಎ ವರದಿ ಬಂದ ದಿನವೇ ಕಿತ್ತು ಹೆತ್ತವಳ ಮಡಿಲಿಗೆ ಹಾಕಿದರೆ ಕಾನೂನಿಗೆ ಸಮಾಧಾನ, ಮಗುವಿಗೆ ಎರಡನೆಯ ಅಪಹರಣ. ಹೆತ್ತ ತಾಯಿ ದಿನವೂ ಬಂದು ಉಣಿಸಿ, ಆಡಿಸಿ, ವಾಸನೆ ಪರಿಚಯ ಮಾಡಿಸಿ, ಆಮೇಲೆ ಕರೆದೊಯ್ಯುವಂತೆ ನೋಡಿಕೊಳ್ಳುವ ತಾಳ್ಮೆ ಎಲ್ಲರಿಗೂ ಬೇಕು. ದತ್ತು ಬೇಕಾದವರು ನರ್ಸ್, ಏಜೆಂಟ್ ಎಂದು ಹೋಗದೆ ಸರಕಾರಿ ದತ್ತು ವ್ಯವಸ್ಥೆಯ ಮೂಲಕವೇ ಹೋಗಬೇಕು. ಮಗುವನ್ನು ಕೊಳ್ಳುವುದೂ ಮಾರುವುದೂ ಬಾಲನ್ಯಾಯ ಕಾಯ್ದೆಯ 81ನೇ ಕಲಮಿನಲ್ಲಿ ಅಪರಾಧ, 5 ವರ್ಷದವರೆಗೆ ಕಠಿಣ ಸಜೆ. ಮಗು ಯಾರ ಸುಪರ್ದಿಯಲ್ಲಿತ್ತೋ ಅವರೇ, ಆಸ್ಪತ್ರೆಯವರೂ ಸೇರಿ, ಮಾರಿದರೆ 3ರಿಂದ 7 ವರ್ಷ.

ಫೋಟೊದ ವಿಷಯ ಒಂದು ಮಾತು. ಹುಡುಕುವಾಗ ಎಲ್ಲ ಗ್ರೂಪಿಗೂ ಮಗುವಿನ ಫೋಟೊ ಹಾಕಿದಿರಿ, ಒಳ್ಳೆಯದೇ. ಸಿಕ್ಕಿದ ಗಳಿಗೆಯಿಂದ ಅದೇ ಫೋಟೊ ಒಬ್ಬ ಸಂತ್ರಸ್ತ ಮಗುವಿನ ಗುರುತು. ಅದನ್ನು ಪ್ರಕಟಿಸಿದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ 6 ತಿಂಗಳವರೆಗೆ ಸಜೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಾಕಿದವರೇ ಮತ್ತೆ ಗ್ರೂಪಿಗೆ ಹೋಗಿ ‘ಮಗು ಸಿಕ್ಕಿದೆ, ದಯವಿಟ್ಟು ಫೋಟೊ ಅಳಿಸಿ’ ಎಂದು ಬರೆಯಬೇಕು. ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸಂದೇಶಗಳನ್ನಂತೂ ಮುಂದಕ್ಕೆ ಕಳುಹಿಸಲೇಬೇಡಿ. 2018ರಲ್ಲಿ ದೇಶವೆಲ್ಲ ಸುತ್ತಿದ ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಪಾಕಿಸ್ತಾನದ ಒಂದು ಜಾಗೃತಿ ಚಿತ್ರದ ತುಂಡು, ಕೊನೆಯ ಭಾಗ ಕತ್ತರಿಸಿದ್ದರು. ಅದೇ ವರ್ಷ ಜುಲೈಯಲ್ಲಿ ನಮ್ಮದೇ ರಾಜ್ಯದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟವರನ್ನು ಕಳ್ಳರೆಂದು ತಿಳಿದು ಜನ ಅಟ್ಟಿಸಿಕೊಂಡು ಹೋಗಿ ಹೊಡೆದರು. ಒಬ್ಬ ಯುವಕ ಸತ್ತ. ಸಂಶಯ ಬಂದರೆ 112ಕ್ಕೆ ಫೋನ್ ಮಾಡಿ, ಕೈ ಎತ್ತಬೇಡಿ.

ಈಗ ನಿಮ್ಮ ನೆರೆಮನೆಯ ಹುಡುಗ. ಎರಡು ತಿಂಗಳ ಮೇಲೂ ರಾತ್ರಿ ಎದ್ದು ಅಳುವುದು, ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಸ್ಕೂಟರಿನ ಸದ್ದಿಗೆ ಬೆಚ್ಚುವುದು, ಅಮ್ಮನ ಸೆರಗು ಬಿಡದಿರುವುದು ಇವೆಲ್ಲ ಮಕ್ಕಳಲ್ಲಿ ಕಾಣುವಂಥದ್ದೇ. ಆದರೆ ಇಷ್ಟು ದಿನ ಆದ ಮೇಲೂ ಕಡಿಮೆ ಆಗದಿದ್ದರೆ ಮಕ್ಕಳ ಮನೋವೈದ್ಯರಿಗೋ ಆಪ್ತಸಮಾಲೋಚಕರಿಗೋ ತೋರಿಸಲೇಬೇಕು. ನೂಲು ಕಟ್ಟಿಸುವುದು, ದೈವಕ್ಕೆ ಹರಕೆ ಹೇಳುವುದು ಮನೆಯವರಿಗೆ ಧೈರ್ಯ ಕೊಡುತ್ತದೆಯಾದರೆ ಮಾಡಲಿ, ಜತೆಗೆ ಇದೂ ಆಗಲಿ. ಮಗುವನ್ನು ಮನೆಗೆ ಕಳುಹಿಸಿದ ಮೇಲೂ ಅನುಸರಣೆ ಭೇಟಿ ಮಾಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕೆಲಸ. ಎರಡು ತಿಂಗಳಲ್ಲಿ ಯಾರೂ ಬಂದಿಲ್ಲ ಎಂದಾದರೆ ಸಮಿತಿಯ ಆದೇಶದ ಪ್ರತಿ ಹಿಡಿದುಕೊಂಡು ಹೋಗಿ, ಆಪ್ತಸಮಾಲೋಚನೆ ಬೇಕು ಎಂದು ಬರೆದುಕೊಡಿ. ಅಲ್ಲಿಯವರೆಗೆ ಮಾತಾಡಲು ಯಾರಾದರೂ ಬೇಕೆಂದರೆ 14416, ಅದು ಟೆಲಿ ಮಾನಸ್ ಎಂಬ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಮನೆಯಲ್ಲಿ ಅವನು ತಾನಾಗಿ ಹೇಳಿದರೆ ಕೇಳಲಿ, ಕೆದಕಬಾರದು. ಬಂದ ನೆಂಟರ ಮುಂದೆ ‘ಹೇಳು ಮಗಾ ಏನಾಯಿತು’ ಎಂದು ನಿಲ್ಲಿಸಲೇಬಾರದು. ನಿನ್ನದು ತಪ್ಪಿಲ್ಲ, ಗೊತ್ತಿದ್ದವರ ಗಾಡಿ ಹತ್ತಿದ್ದು ತಪ್ಪಲ್ಲ ಎಂದು ತಂದೆ ಬಾಯಿಬಿಟ್ಟು ಹೇಳಬೇಕು. ತಾಯಿ ಹೇಳಿದರೆ ಸಾಲದು, ಯಾಕೆಂದರೆ ಆ ಮನುಷ್ಯ ತಂದೆಯ ಪರಿಚಯದವನು. ಶಾಲೆಗೆ ಕಳುಹಿಸುವುದನ್ನು ನಿಲ್ಲಿಸಬಾರದು. ಯಾರು ಕರೆದುಕೊಂಡು ಹೋಗಲು ಬರಬಹುದು ಎಂದು ಶಾಲೆಗೆ ಲಿಖಿತವಾಗಿ ಕೊಟ್ಟು, ಮನೆಯವರಿಗೂ ಮಗುವಿಗೂ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಂಡರೆ ಅವನಿಗೂ ಧೈರ್ಯ ಬರುತ್ತದೆ.

ಕೊನೆಗೆ ನಿಮ್ಮ ಅಕ್ಕನ ವಿಷಯ, ಇದರಲ್ಲಿ ತಡ ಮಾಡಬೇಡಿ. ತಂದೆಯೂ ಮಗುವಿನ ಕಾನೂನುಬದ್ಧ ಪಾಲಕನೇ ಆದ್ದರಿಂದ, ಕೋರ್ಟಿನ ಆದೇಶ ಇಲ್ಲದಿರುವಾಗ ಅವರು ಮಗಳನ್ನು ಕರೆದುಕೊಂಡು ಹೋದರೆ ಪೊಲೀಸರು ಸಾಮಾನ್ಯವಾಗಿ ಅಪಹರಣದ ಪ್ರಕರಣ ಮಾಡುವುದಿಲ್ಲ. ಮಗು ತಾಯಿಯ ಹತ್ತಿರ ಇರಬೇಕೋ ತಂದೆಯ ಹತ್ತಿರವೋ ಎಂದು ತೀರ್ಮಾನಿಸುವ ಜಾಗ ಮಕ್ಕಳ ಕಲ್ಯಾಣ ಸಮಿತಿಯೂ ಅಲ್ಲ, ಅದು ಕೌಟುಂಬಿಕ ನ್ಯಾಯಾಲಯ. ಅಕ್ಕ 1890ರ ಪಾಲಕರ ಮತ್ತು ಪಾಲ್ಯರ ಕಾಯ್ದೆಯಡಿ ಸುಪರ್ದಿಗೆ ಅರ್ಜಿ ಹಾಕಬೇಕು, ಅದರ ಜತೆಗೇ ಮಗುವನ್ನು ಕೋರ್ಟಿನ ಅನುಮತಿ ಇಲ್ಲದೆ ದೇಶದ ಹೊರಗೆ ಒಯ್ಯದಂತೆ ಮಧ್ಯಂತರ ತಡೆಯಾಜ್ಞೆ ಕೇಳಬೇಕು. ಆ ಆದೇಶ ಕೈಯಲ್ಲಿದ್ದರೆ ಪೊಲೀಸರ ಮೂಲಕ ವಿಮಾನ ನಿಲ್ದಾಣದಲ್ಲೂ ತಡೆಯಲು ದಾರಿ ಆಗುತ್ತದೆ. ಹೋಗಿಬಿಟ್ಟ ಮೇಲೆ ಬಹಳ ಕಷ್ಟ. ಒಯ್ದ ಮಗುವನ್ನು ವಾಪಸು ತರಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಅಲ್ಲಿಯ ಕೋರ್ಟಿನಲ್ಲೇ ಹೋರಾಡಬೇಕಾಗುತ್ತದೆ. ಊರಿನೊಳಗೇ ಎಲ್ಲೋ ಬಚ್ಚಿಟ್ಟರೆ ಬೆಂಗಳೂರಿನ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿ, ಹಾಕಬಹುದು.

ಮಗುವಿಗೆ ಪಾಸ್‌ಪೋರ್ಟ್ ಆಗಿದ್ದರೆ ಅದು ಅಕ್ಕನ ಬಳಿ ಇರಲಿ. ಆಗಿಲ್ಲದಿದ್ದರೆ ಸಾಮಾನ್ಯವಾಗಿ ತಂದೆತಾಯಿ ಇಬ್ಬರ ಒಪ್ಪಿಗೆ ಕೇಳುತ್ತಾರೆ, ಯಾವ ಕಾಗದಕ್ಕೂ ಓದದೆ ಸಹಿ ಹಾಕಬಾರದು. ಭಾವ ಹೆದರಿಸಿದ ವಾಟ್ಸ್‌ಆ್ಯಪ್ ಸಂದೇಶ, ಧ್ವನಿ ಸಂದೇಶ ಯಾವುದನ್ನೂ ಅಳಿಸಬೇಡಿ. ಶಾಲೆಗೆ ಈಗಲೇ ಒಂದು ಪತ್ರ ಕೊಡಿ. ವಕೀಲರ ಖರ್ಚಿನ ಚಿಂತೆ ಬೇಡ. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಮಗುವಿನ ಜನನ ಪ್ರಮಾಣಪತ್ರ, ಮದುವೆಯ ದಾಖಲೆ, ಆ ಸಂದೇಶಗಳ ಪ್ರತಿ ಹಿಡಿದುಕೊಂಡು ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಕ್ಕನನ್ನು ಈ ವಾರವೇ ಕರೆದುಕೊಂಡು ಹೋಗಿ. ಹೋಗುವ ಮೊದಲು ಏನಾದರೂ ಕೇಳಬೇಕೆಂದಿದ್ದರೆ ಅವರ ಸಹಾಯವಾಣಿ 15100.